ಬಿಸಿ ಇದ್ದಾಗಲೇ ನೋಡಬೇಕು

ನಮ್ಮ ದೊಡ್ಡಪ್ಪನ ಮೇಲೆ ಪೆಟ್ರೋಲು ಕದ್ದ ಆರೋಪ ಬಂದದ್ದು ೨೦೦೪ರ ಮೇ ತಿಂಗಳಲ್ಲಿ. ಆ ಆರೋಪಕ್ಕೆ ಕಾಲೇ ಇರಲಿಲ್ಲ ಅಂತ ನಾವು ಕಣ್ಣಾರೆ ಕಂಡದ್ದು ೨೦೨೪ರ ಮೇ ತಿಂಗಳಲ್ಲಿ. ಸುಳ್ಳು ಅಂತ ನಂಬೋದು ಬೇರೆ, ಕಾಣೋದು ಬೇರೆ. ನಂಬಿಕೆಗೆ ನಮ್ಮ ಕೇರಿಯಲ್ಲಿ ಎಂದೂ ಬರ ಇರಲಿಲ್ಲ, ಸಾಕ್ಷಿಗೆ ಇತ್ತು. ನಡುವಿನ ಇಪ್ಪತ್ತು ವರ್ಷ ಏನು ಮಾಡಿದಿರಿ ಅಂತ ಯಾರಾದರೂ ಕೇಳಿದರೆ ನಮ್ಮ ಉತ್ತರ ಇಷ್ಟೆ: ‘ತಣ್ಣಗಾಗಲಿ, ಆಮೇಲೆ ಮಾತಾಡೋಣ’ ಅಂದವರ ಮಾತು ಕೇಳಿ ಕೂತಿದ್ದೆವು.

ನಾವು ‘ನಾವು’ ಅಂತಲೇ ಬರೆಯುತ್ತೇವೆ. ‘ನಾನು’ ಅನ್ನೋದು ಕಾಲೇಜಿಗೆ ಹೋದ ಮೇಲೆ ಕಲಿತ ಮಾತು. ಪದ್ಯ ಬರೆಯುವಾಗ ಒಮ್ಮೊಮ್ಮೆ ಬರುತ್ತದೆ, ಕೇರಿಯ ಒಳಗೆ ಕಾಲಿಟ್ಟ ಕೂಡಲೇ ಹೋಗುತ್ತದೆ. ಬಿ.ಎ. ಪಾಸಾದ ಕಾಗದದ ಮೇಲೆ ಒಂದೇ ಹೆಸರು ಅಚ್ಚಾಗಿದೆ, ನಿಜ. ಆದರೆ ಅದಕ್ಕೆ ಫೀಜು ಕಟ್ಟಿದ್ದು ಅಪ್ಪನ ಪಾನಾ, ಅವ್ವನ ಕುರುಪಿ, ದೊಡ್ಡಪ್ಪನ ಕಬ್ಬು ಕಡಿಯೋ ಕೊಯ್ತ. ನಮ್ಮ ಮನೆತನದಲ್ಲಿ ಅದಕ್ಕಿಂತ ಮುಂಚೆ ಕಾಗದದ ಮೇಲೆ ಹೆಸರು ಬಂದದ್ದು ಸಾಲದ ಚೀಟಿಯಲ್ಲಿ ಮಾತ್ರ.

ಗಾಡಿ ಅಂಬಾಸಿಡರ್. ಊರ ಗೌಡರ ಮನೆಯದು. ೧೯೮೪ರ ಮಾರ್ಕ್ ಫೋರ್, ೧೪೮೯ ಸಿಸಿ ಪೆಟ್ರೋಲ್ ಇಂಜಿನ್ನು. ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ ಹಿಂದೂಸ್ತಾನ್ ಮೋಟಾರ್ಸಿನವರು ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೂ ಕಟ್ಟಿದ ಗಾಡಿ ಅದು. ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಹೊಟ್ಟೆಯಲ್ಲಿ. ಮಳೆ, ಮಂಜು, ಚಳಿಯ ದೇಶದ ಇಂಜಿನ್ನು ರಾಯಚೂರಿಗೆ ಬಂತು. ನಮ್ಮ ಸೀಮೆ ಗೊತ್ತಲ್ಲ? ಆ ಕಡೆ ಕೃಷ್ಣಾ, ಈ ಕಡೆ ತುಂಗಭದ್ರಾ, ನಡುವೆ ಬಿಸಿಲು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟೋದು ಇಲ್ಲಿ ಸುದ್ದಿಯಲ್ಲ.

ದೊಡ್ಡಪ್ಪ ಆ ಗಾಡಿಗೆ ಹನ್ನೊಂದು ವರ್ಷ ಡ್ರೈವರ್ ಆಗಿದ್ದ. ಸ್ಟೇರಿಂಗ್ ಹಿಡಿಯಬಹುದು, ಹಿಂದಿನ ಸೀಟು ಮುಟ್ಟಬಾರದು. ಸೀಟು ಒರೆಸೋಕೆ ಗೌಡರ ಮನೆಯ ಬೇರೆ ಆಳು ಇದ್ದ. ೨೦೦೪ರ ಬೇಸಿಗೆಯಲ್ಲಿ ಗೌಡರಿಗೆ ರಾಯಚೂರಿನ ಕೋರ್ಟಿನಲ್ಲಿ ಹೊಲದ ಕೇಸು. ವಾರಕ್ಕೆ ಎರಡು ಸಲ ಹೋಗೋದು, ಬರೋದು. ಮುಂಜಾನೆ ಗಾಡಿ ಒಂದೇ ಸೆಲ್ಫಿಗೆ ಎದ್ದು ಹೊರಡುತ್ತಿತ್ತು. ಬರುವಾಗ, ನಡು ಮಧ್ಯಾಹ್ನ, ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಇಲ್ಲವೇ ಕೋರ್ಟಿನ ಮುಂದೆ ಇಪ್ಪತ್ತು ನಿಮಿಷ ನಿಲ್ಲಿಸಿದ ಮೇಲೆ ಎಷ್ಟು ಸೆಲ್ಫ್ ಹೊಡೆದರೂ ಏಳುತ್ತಿರಲಿಲ್ಲ. ದೊಡ್ಡಪ್ಪ ಬಾನೆಟ್ಟು ಎತ್ತಿ, ಪೈಪು ಬಿಚ್ಚಿ, ಬಾಯಿಂದ ಎಳೆದು ಉಗುಳಿ, ಅಂಗಿ ತುಂಬ ಪೆಟ್ರೋಲು ಚೆಲ್ಲಿಕೊಂಡು ಒದ್ದಾಡುತ್ತಿದ್ದ. ಗೌಡರು ಬೇವಿನ ಗಿಡದ ಕೆಳಗೆ ಟವೆಲು ಬೀಸಿಕೊಳ್ಳುತ್ತಾ ಕೂತಿರುತ್ತಿದ್ದರು. ತಾಸೆರಡು ತಾಸಿಗೆ ಗಾಡಿ ತಾನಾಗಿ ಏಳುತ್ತಿತ್ತು, ಏನೂ ಆಗಿಲ್ಲ ಅನ್ನುವ ಹಾಗೆ.

ಮೂರನೇ ಸಲ ನಿಂತ ಮಾರನೇ ದಿನ ಮುಂಜಾನೆ ಆರೂವರೆಗೆ ಗೌಡರು ಗಾಡಿಯನ್ನು ಪೇಟೆಯ ಒಂದು ದೊಡ್ಡ ಗ್ಯಾರೇಜಿಗೆ ಒಯ್ದರು. ರಾತ್ರಿಯೆಲ್ಲ ತಣ್ಣಗಾದ ಗಾಡಿ. ಗ್ಯಾರೇಜಿನವ ಸೆಲ್ಫ್ ಹೊಡೆದ, ಎದ್ದಿತು. ಒಂದು ಸುತ್ತು ಓಡಿಸಿದ, ಓಡಿತು. ‘ಗಾಡಿಗೇನೂ ರೋಗ ಇಲ್ರಿ ಗೌಡ್ರ, ಡ್ರೈವರಗೈತಿ ನೋಡ್ರಿ’ ಅಂದ. ಅಷ್ಟೆ ಬೇಕಾಗಿತ್ತು.

ಸಂಜೆ ಕಟ್ಟೆ ಕೂಡಿತು. ದೊಡ್ಡಪ್ಪನನ್ನು ಕೆಳಗೆ ಮಣ್ಣಿನಲ್ಲಿ ಕೂರಿಸಿದರು. ಮೂರು ಸಾಕ್ಷಿ ಹೇಳಿದರು. ಒಂದು, ಗಾಡಿಗೆ ರೋಗ ಇಲ್ಲ, ಅಂದ ಮೇಲೆ ಇವನೇ ಪೆಟ್ರೋಲು ಮಾರಿ ಸೀಮೆಎಣ್ಣೆ ಬೆರೆಸಿದ್ದಾನೆ. ಎರಡು, ಇವನ ಅಂಗಿ ಪೆಟ್ರೋಲು ನಾರುತ್ತದೆ, ಟಾಕಿಯಿಂದ ಪೈಪು ಹಾಕಿ ಎಳೆದದ್ದಕ್ಕೆ ಅದೇ ಗುರುತು. ಮೂರು, ಗೌಡರು ಸಂಜೆ ಟಾಕಿಗೆ ಕಡ್ಡಿ ಇಳಿಸಿ ಗುರುತು ಮಾಡಿದ್ದರು, ಬೆಳಿಗ್ಗೆ ಅದೇ ಕಡ್ಡಿಯಲ್ಲಿ ಪೆಟ್ರೋಲು ಕಡಿಮೆ ತೋರಿಸಿತು.

ಆಗ ನಮ್ಮಪ್ಪ ರಾಯಚೂರಿನ ಒಂದು ಸಣ್ಣ ಗ್ಯಾರೇಜಿನಲ್ಲಿ ಕೈಕೆಲಸದವ. ಅವನು ನಿಂತು ಕೇಳಿದ, ‘ಗೌಡ್ರ, ಒಂದ್ ದಿನ ಮಧ್ಯಾಹ್ನ ನಮ್ಮ ಉಸ್ತಾದಗ ತೋರಸ್ರಿ. ತಣ್ಣಗಿದ್ದಾಗ ನೋಡಿದ್ರ ಗೊತ್ತಾಗಂಗಿಲ್ರಿ.’ ಕಟ್ಟೆಯ ಮೇಲಿಂದ ಉತ್ತರ ಬಂತು, ‘ಕಳ್ಳನ ಕಡೆ ಸಾಕ್ಷಿ ಹೇಳಾಕ ಕಳ್ಳನ ತಮ್ಮ ಬಂದಾನ ನೋಡ್ರೋ.’ ಎಲ್ಲರೂ ನಕ್ಕರು. ನಗದೇ ಇದ್ದವರು ನಮ್ಮ ಕೇರಿಯ ಹಿರಿಯರು. ಅವರು ಅಪ್ಪನ ಕೈ ಹಿಡಿದು ಕೂರಿಸಿ ಪಿಸುಗುಟ್ಟಿದರು, ‘ಈಗ ಬಿಸಿ ಐತಿ ತಮ್ಮಾ. ತಣ್ಣಗಾಗ್ಲಿ.’

ದೊಡ್ಡಪ್ಪ ‘ತಪ್ಪಾತ್ರಿ’ ಅಂದ. ಊರಲ್ಲಿ ಬದುಕಬೇಕಾಗಿತ್ತು, ಅಂದ. ಎರಡು ತಿಂಗಳ ಪಗಾರ ಮುರಿದುಕೊಂಡು ಕೆಲಸದಿಂದ ಬಿಡಿಸಿದರು. ಅವತ್ತಿನಿಂದ ನಾವು ಸಾಲಿಗೆ ಹೋದರೆ ‘ಪೆಟ್ರೋಲ್ ಕಳ್ಳರ ಮನೆಯವು’ ಆದೆವು. ದೊಡ್ಡಪ್ಪ ಮುಂದಿನ ಸುಗ್ಗಿಗೆ ಬೆಳಗಾವಿ ಕಡೆ ಕಬ್ಬು ಕಡಿಯಲು ಹೋದ. ವರ್ಷ ವರ್ಷ ಹೋದ. ೨೦೧೯ರಲ್ಲಿ ತೀರಿಕೊಂಡ. ಅಂಗಿಯ ವಾಸನೆ ಹೋಗಿ ಹದಿನೈದು ವರ್ಷವಾಗಿತ್ತು, ಹೆಸರಿನ ವಾಸನೆ ಹೋಗಿರಲಿಲ್ಲ.

ಅಪ್ಪ ಮಾತ್ರ ಆ ಗಾಡಿಯನ್ನು ಮರೆಯಲಿಲ್ಲ. ಅವನ ಉಸ್ತಾದ್ ಮುಸಲ್ಮಾನ. ಒಂದೇ ಬಸಿಯಲ್ಲಿ ಚಹ ಕುಡಿಸಿ ಕೆಲಸ ಕಲಿಸಿದ ಮನುಷ್ಯ. ಅವನು ಹೇಳುತ್ತಿದ್ದ ಮಾತು, ‘ಗರಮ್ ಮೇಂಚ್ ದೇಖ್ನಾ ರೇ.’ ಬಿಸಿಯಲ್ಲಿ ಬರೋ ರೋಗವನ್ನು ಬಿಸಿಯಲ್ಲೇ ನೋಡಬೇಕು. ತಣ್ಣಗಾದ ಮೇಲೆ ಗಾಡಿ ಸುಳ್ಳು ಹೇಳುತ್ತದೆ. ಬೇಸಿಗೆ ರಜೆಯಲ್ಲಿ ಅಪ್ಪನ ಜೊತೆ ಗ್ಯಾರೇಜಿಗೆ ಹೋಗಿ ಪಾನಾ ಎತ್ತಿ ಕೊಡುತ್ತಾ, ನಾವು ಕನ್ನಡ ವ್ಯಾಕರಣಕ್ಕಿಂತ ಮುಂಚೆ ಇದರ ವ್ಯಾಕರಣ ಕಲಿತೆವು. ಈ ಪತ್ರಿಕೆ ಓದುವವರಲ್ಲಿ ಹಳೇ ಗಾಡಿಯ ಮಾಲೀಕರು ಕಡಿಮೆ ಇರಬಹುದು. ಹಳೇ ಗಾಡಿ ಓಡಿಸಿ ಬೈಸಿಕೊಂಡವರು, ರಿಪೇರಿ ಮಾಡಿ ಕೂಲಿ ಸಿಗದವರು ಇದ್ದೇ ಇದ್ದೀರಿ. ನಿಮಗಾಗಿ ಅದನ್ನಿಲ್ಲಿ ಬರೆಯುತ್ತೇವೆ.

ನೀರಿಗೆ ಕುದಿಯಲು ಒಂದೇ ಲೆಕ್ಕ, ನೂರು ಡಿಗ್ರಿ. ಪೆಟ್ರೋಲು ಹಾಗಲ್ಲ. ಅದರೊಳಗೆ ಹಗುರಾದದ್ದು, ಭಾರವಾದದ್ದು ಹತ್ತಾರು ಜಾತಿ ಎಣ್ಣೆ ಸೇರಿವೆ. ಹಗುರಾದದ್ದು ೩೫-೪೦ ಡಿಗ್ರಿಗೇ ಆವಿಯಾಗಲು ಶುರು, ಭಾರವಾದದ್ದಕ್ಕೆ ಇನ್ನೂರರ ಹತ್ತಿರ ಬೇಕು. ಅಂದರೆ ನಮ್ಮ ಸೀಮೆಯ ಬೇಸಿಗೆ ಗಾಳಿಯೇ ಪೆಟ್ರೋಲಿಗೆ ಒಲೆ. ಅಂಬಾಸಿಡರಿನ ಇಂಜಿನ್ನಿನಲ್ಲಿ ಇನ್ನೊಂದು ತೊಂದರೆ. ಪೆಟ್ರೋಲು ಒಳಗೆ ಹೋಗುವ ದಾರಿ, ಸುಟ್ಟ ಹೊಗೆ ಹೊರಗೆ ಬರುವ ದಾರಿ ಎರಡೂ ಒಂದೇ ಮಗ್ಗುಲಿಗೆ ಇವೆ. ಕೆಂಡದಂಥ ಮ್ಯಾನಿಫೋಲ್ಡಿನ ನೆರೆಯಲ್ಲೇ ಕಾರ್ಬೇಟರ್ ಕೂತಿರುತ್ತದೆ. ಪೆಟ್ರೋಲು ಎಳೆಯುವ ಪಂಪೂ ಇಂಜಿನ್ನಿನ ಮೈಗೇ ಅಂಟಿಕೊಂಡಿರುತ್ತದೆ. ಪಂಪು ಹಿಂದಿನ ಟಾಕಿಯಿಂದ ಪೆಟ್ರೋಲನ್ನು ಹೀರಿ ತರಬೇಕು. ಹೀರುವ ಕಡೆ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದ ಕಡೆ ಕುದಿಯೋದು ಬೇಗ. ಪೈಪಿನೊಳಗೆ ಆವಿಯ ಗುಳ್ಳೆ ಕೂತಿತೆಂದರೆ ಪಂಪು ಬಡಿದುಕೊಳ್ಳುತ್ತದೆ, ಗುಳ್ಳೆ ಹಿಗ್ಗುತ್ತದೆ, ಕುಗ್ಗುತ್ತದೆ, ಪೆಟ್ರೋಲು ಮುಂದೆ ಹೋಗೋದಿಲ್ಲ. ಗಾಡಿ ಕೆಮ್ಮಿ ನಿಲ್ಲುತ್ತದೆ. ಇದು ಓಡುವಾಗ ಬರೋ ರೋಗ, ಇಂಜಿನ್ನು ಹಸಿದು ಸಾಯುವ ರೋಗ.

ಇನ್ನೊಂದು, ನಿಲ್ಲಿಸಿದ ಮೇಲೆ ಬರೋ ರೋಗ. ಇಂಜಿನ್ನು ಆರಿಸಿದ ಕೂಡಲೇ ಬಾನೆಟ್ಟಿನ ಕೆಳಗೆ ಬಿಸಿ ಇಳಿಯುತ್ತದೆ ಅಂತ ತಿಳಿಯಬೇಡಿ. ಫ್ಯಾನು ನಿಂತಿತು, ರೇಡಿಯೇಟರಿನ ನೀರು ತಿರುಗೋದು ನಿಂತಿತು, ಕಬ್ಬಿಣದೊಳಗಿನ ಬಿಸಿಯೆಲ್ಲ ಮೇಲೆ ಬರುತ್ತದೆ. ಹತ್ತು ಇಪ್ಪತ್ತು ನಿಮಿಷ ಏರುತ್ತಲೇ ಇರುತ್ತದೆ. ಕಾರ್ಬೇಟರಿನ ಬಟ್ಟಲಲ್ಲಿ ನಿಂತ ಪೆಟ್ರೋಲು ಹಾಲು ಉಕ್ಕಿದ ಹಾಗೆ ಉಕ್ಕಿ ಒಳಗೂ ಹೊರಗೂ ಚೆಲ್ಲುತ್ತದೆ. ಒಳಗೆ ಪೆಟ್ರೋಲು ಹೆಚ್ಚಾಗಿ, ಗಾಳಿ ಕಡಿಮೆಯಾಗಿ ಬೆಂಕಿ ಹತ್ತೋದಿಲ್ಲ. ಇಲ್ಲಿ ಇಂಜಿನ್ನು ಹಸಿದಿಲ್ಲ, ಹೊಟ್ಟೆ ಬಿರಿದಿದೆ. ಚೋಕು ಎಳೆಯಬಾರದು, ಅಕ್ಸಲೇಟರ್ ಪದೇ ಪದೇ ಒದೆಯಬಾರದು. ಒಂದೇ ಸಲ ಪೂರ್ತಿ ತುಳಿದು ಹಿಡಿದು ಸೆಲ್ಫ್ ಹೊಡೆಯಬೇಕು. ಕಪ್ಪು ಹೊಗೆ ಉಗುಳಿ ಏಳುತ್ತದೆ.

ರೋಗ ಎರಡು, ಬಿಸಿ ಒಂದೇ. ಔಷಧ ಮಾತ್ರ ಉಲ್ಟಾ. ಅದಕ್ಕೇ ಮೊದಲು ಗುರುತು ಹಿಡಿಯಬೇಕು. ಎಲ್ಲಕ್ಕಿಂತ ಮೊದಲು, ಇದು ಪೆಟ್ರೋಲಿನ ರೋಗವೇ ಹೌದೋ ಅಲ್ಲವೋ ನೋಡಬೇಕು. ಬಿಸಿಯಲ್ಲಿ ಕಾಯಿಲು, ಕಂಡೆನ್ಸರು ಕೂಡ ಸೋಲುತ್ತವೆ, ತಣ್ಣಗಾದರೆ ಮತ್ತೆ ಸರಿಯಾಗುತ್ತವೆ, ಹೆಸರು ಮಾತ್ರ ಪೆಟ್ರೋಲಿಗೆ ಬರುತ್ತದೆ. ನಿಂತ ಜಾಗದಲ್ಲೇ ಒಂದು ಪ್ಲಗ್ಗು ಬಿಚ್ಚಿ, ಪೆಟ್ರೋಲು ಚೆಲ್ಲಿದ ಕಡೆಯಿಂದ ದೂರದಲ್ಲಿ ಇಂಜಿನ್ನಿನ ಮೈಗೆ ತಾಗಿಸಿ ಹಿಡಿದು ಸೆಲ್ಫ್ ಹೊಡೆದರೆ ಕಿಡಿ ಚಟಚಟ ನೀಲಿ ಬರಬೇಕು. ಹಳದಿ ಬಂದರೆ, ಬಾರದೇ ಇದ್ದರೆ ಕರೆಂಟಿನ ಕಡೆ ಹೋಗಬೇಕು. ಆಮೇಲೆ ಟಾಕಿಯ ಮುಚ್ಚಳ. ಅದರ ಗಾಳಿ ತೂತು ಧೂಳಿನಿಂದ ಮುಚ್ಚಿದ್ದರೆ ಟಾಕಿಯೊಳಗೆ ಗಾಳಿ ಬರದೆ ಪಂಪು ಸೋಲುತ್ತದೆ. ಮುಚ್ಚಳ ತೆಗೆದ ಕೂಡಲೇ ಸುಂಯ್ ಅಂದು ಗಾಳಿ ಒಳಗೆ ನುಗ್ಗಿದರೆ ರೋಗ ಅಲ್ಲೇ. ಆಮೇಲೆ ಪೈಪು. ಮುಪ್ಪಾದ ರಬ್ಬರ್ ಪೈಪಿನ ಬಿರುಕಿನಿಂದ ಪೆಟ್ರೋಲು ಹೊರಗೆ ಬರದೇ ಇದ್ದರೂ ಗಾಳಿ ಒಳಗೆ ಹೋಗಬಹುದು. ಇವೆಲ್ಲ ನೋಡಿಯಾದ ಮೇಲೆ ಬಾಟಲಿ ಹಿಡಿಯಬೇಕು. ಬಾಟಲಿಯ ಕತೆ ಮುಂದೆ ಬರುತ್ತದೆ.

ಇಷ್ಟು ಕಲಿತ ಮೇಲೆ ಒಂದು ಸಂಜೆ ಅಪ್ಪ ಚಿಮಣಿಯ ಮುಂದೆ ಕೂತು ಕೇಳಿದ, ‘ಹೇಳ್ರಿ ನೋಡೂಣು, ಸೀಮೆಎಣ್ಣಿ ಬೆರೆಸಿದ ಗಾಡಿ ಯಾವಾಗ ತೊಂದ್ರಿ ಕೊಡತೈತಿ? ತಣ್ಣಗಿದ್ದಾಗೋ, ಬಿಸಿಯಿದ್ದಾಗೋ?’ ನಾವು ತಲೆ ಕೆರೆದುಕೊಂಡೆವು. ಸೀಮೆಎಣ್ಣೆ ಭಾರವಾದ ಎಣ್ಣೆ, ನೂರೈವತ್ತು ಡಿಗ್ರಿ ದಾಟದೆ ಕುದಿಯೋದಿಲ್ಲ. ಅದನ್ನು ಬೆರೆಸಿದರೆ ಮುಂಜಾನೆ ಚಳಿಗೆ ಗಾಡಿ ಏಳಲು ಒದ್ದಾಡುತ್ತದೆ, ಹೊಗೆ ಬಿಡುತ್ತದೆ, ಎತ್ತರ ಹತ್ತುವಾಗ ಕಟಕಟ ಬಡಿಯುತ್ತದೆ. ಮಧ್ಯಾಹ್ನದ ಬಿಸಿಗೆ ಆವಿಯಾಗಿ ನಿಲ್ಲೋದಿಲ್ಲ. ದೊಡ್ಡಪ್ಪನ ಗಾಡಿ ಮುಂಜಾನೆ ಒಂದೇ ಸೆಲ್ಫಿಗೆ ಏಳುತ್ತಿತ್ತು. ಗ್ಯಾರೇಜಿನವನೂ ಅದನ್ನೇ ಹೇಳಿದ್ದ. ಅವರು ಕಳ್ಳತನಕ್ಕೆ ಸಾಕ್ಷಿ ಅಂತ ಹಿಡಿದದ್ದೇ ಕಳ್ಳತನ ಆಗಿಲ್ಲ ಅನ್ನೋದಕ್ಕೆ ಸಾಕ್ಷಿಯಾಗಿತ್ತು. ಕಟ್ಟೆಯ ಮೇಲೆ ಅಷ್ಟು ಮಂದಿ ಓದಿದವರಿದ್ದರು. ಒಬ್ಬರಿಗೂ ಹೊಳೆಯಲಿಲ್ಲವೋ, ಹೊಳೆಯೋದು ಬೇಡವಾಗಿತ್ತೋ.

ಕಡ್ಡಿಯ ಲೆಕ್ಕ ನಮಗೆ ಕಾಲೇಜಿನಲ್ಲಿ ಸಿಕ್ಕಿತು. ಪೆಟ್ರೋಲು ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ, ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು. ಬಿಸಿಲಲ್ಲಿ ಕಾದು ಬಂದ ಟಾಕಿಯಲ್ಲಿ ಸಂಜೆ ೪೦ ಲೀಟರ್ ಇದ್ದು, ಬೆಳಗಿನೊಳಗೆ ೨೦ ಡಿಗ್ರಿ ತಣ್ಣಗಾದರೆ ಮುಕ್ಕಾಲು ಲೀಟರಿನಷ್ಟು ಕಡ್ಡಿಯಲ್ಲಿ ಇಳಿಯುತ್ತದೆ. ಯಾರೂ ಮುಟ್ಟಬೇಕಾಗಿಲ್ಲ. ಗೌಡರ ಕಡ್ಡಿ ಅಳೆದದ್ದು ರಾತ್ರಿಯ ತಂಪನ್ನು.

ಇದೆಲ್ಲ ನಮಗೆ ಗೊತ್ತಿತ್ತು. ಗೌಡರಿಗೆ ಹೇಳುವವರು ಯಾರು?

೨೦೨೪ರಲ್ಲಿ ಗೌಡರ ಮಗ ಬೆಂಗಳೂರಿನಿಂದ ಬಂದ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಅಂಬಾಸಿಡರನ್ನು ಒಯ್ದು ಕೆನೆ ಬಣ್ಣ ಬಳಿಸಿ, ಹಿಂದಿನ ಗಾಜಿಗೆ ‘ಕ್ಲಾಸಿಕ್’ ಅಂತ ಅಂಟಿಸಿ ತಂದಿದ್ದ. ಮಗಳ ಮದುವೆಯ ಮೆರವಣಿಗೆಗೆ ಅದೇ ಆಗಬೇಕಂತೆ. ಅವರ ಹಳೇದು ಕ್ಲಾಸಿಕ್ ಆಗುತ್ತದೆ, ನಮ್ಮ ಹಳೇದು ಹರಕು ಆಗುತ್ತದೆ. ಇರಲಿ. ಬೆಂಗಳೂರಿನ ತಂಪಿನಲ್ಲಿ ಚೆನ್ನಾಗಿ ಓಡಿದ ಗಾಡಿ ನಮ್ಮ ಸೀಮೆಗೆ ಬಂದ ದಿನವೇ ಮಧ್ಯಾಹ್ನ ನಿಂತಿತು. ಕಾರ್ಬೇಟರ್ ಹೊಸದು ಹಾಕಿಸಿದ. ಕಾಯಿಲು ಹೊಸದು ಹಾಕಿಸಿದ. ಮತ್ತೂ ನಿಂತಿತು. ಮುಂಜಾನೆ ತೋರಿಸಿದ ಕಡೆಯೆಲ್ಲ ‘ಏನೂ ಇಲ್ಲ ಸಾರ್’ ಅಂದರು. ಕೊನೆಗೆ ನಮ್ಮ ಮನೆಗೆ ಹೇಳಿ ಕಳಿಸಿದ. ಹಳೇ ಅಂಬಾಸಿಡರಿನ ಕೈವಾಸಿ ಗೊತ್ತಿರೋ ಮಿಸ್ತ್ರಿ ಈಗ ಸುತ್ತಮುತ್ತ ಅಪ್ಪ ಒಬ್ಬನೇ.

ಅಪ್ಪ ಎರಡು ಕರಾರು ಹಾಕಿದ. ‘ಮಧ್ಯಾಹ್ನ ಒಂದಕ್ಕ ಬರ್ತೀನ್ರಿ, ಮುಂಜಾನಿ ಬರಂಗಿಲ್ಲ. ಹಿರೇಗೌಡ್ರು ಗಾಡ್ಯಾಗ ಇರಬೇಕ್ರಿ.’ ಮುದುಕರು ಬೇಸಿಗೆಯಲ್ಲಿ ಯಾಕೆ ಅಂತ ಮಗ ಕೇಳಿದ. ‘ಈ ಗಾಡಿ ಅವರಿಗೇ ಗೊತ್ರಿ’ ಅಂದ ಅಪ್ಪ. ಅಷ್ಟೇ ಅಂದ.

ನಾವೂ ಹೋದೆವು. ಹದಿನೆಂಟು ಕಿಲೋಮೀಟರ್ ಚೆನ್ನಾಗಿ ಓಡಿತು. ಮುಂದೆ ಮೇವಿನ ಟ್ರ್ಯಾಕ್ಟರ್ ಅಡ್ಡ ಬಂದು ಅದರ ಹಿಂದೆ ಮೆಲ್ಲಗೆ ಏರು ಹತ್ತುವಾಗ ಕೆಮ್ಮಿತು, ಎಳೆಯಿತು, ನಿಂತಿತು. ಅಪ್ಪನಿಗೆ ಅವಸರವಿಲ್ಲ. ಟಾಕಿಯ ಮುಚ್ಚಳ ತೆಗೆದ, ಸುಂಯ್ ಅನ್ನಲಿಲ್ಲ. ಪ್ಲಗ್ಗು ಬಿಚ್ಚಿ ತೋರಿಸಿದ, ಕಿಡಿ ನೀಲಿ. ಪ್ಲಗ್ಗು ಕೂರಿಸಿ, ಕಾಯಿಲಿನ ನಡುವಿನ ವೈರು ಕಿತ್ತು ಇಂಜಿನ್ನಿನ ಮೈಗೆ ಬಿಗಿದ, ಪೆಟ್ರೋಲು ಹೊರಗೆ ಬರುವಾಗ ಕಿಡಿ ಇರಬಾರದು. ಪಂಪಿನಿಂದ ಕಾರ್ಬೇಟರಿಗೆ ಹೋಗೋ ಪೈಪನ್ನು ಬಿಚ್ಚಿ ಉದ್ದನೆ ಪೈಪು ಸೇರಿಸಿ ಮಡ್‌ಗಾರ್ಡಿನ ಆಚೆ ತಂದು ಗಾಜಿನ ಬಾಟಲಿಗೆ ಇಳಿಬಿಟ್ಟ. ಬಾಟಲಿ ಹಿಡಿದವರು ನಾವು. ಸೆಲ್ಫ್ ಹೊಡೆದರು. ಧಾರೆ ಬರಲಿಲ್ಲ. ಬುಸ್ ಬುಸ್ ಅಂತ ನೊರೆ, ಗುಳ್ಳೆ, ಒಂದೊಂದು ಹನಿ. ‘ಗೌಡ್ರ, ಕಾಣತೈತೇನ್ರಿ? ಟಾಕಿ ತುಂಬ ಪೆಟ್ರೋಲ್ ಐತಿ, ಇಲ್ಲಿ ಬರೇ ಉಸುರು.’

ಪಂಪಿಗೆ ಒದ್ದೆ ಅರಿವೆ ಸುತ್ತಬೇಕು. ಬಿಸಿ ಮ್ಯಾನಿಫೋಲ್ಡಿನ ಮೇಲೆ ಮಾತ್ರ ನೀರು ಹಾಕಬಾರದು, ಎರಕದ ಕಬ್ಬಿಣ ಸೀಳುತ್ತದೆ. ನೀರು ತರಲು ರಸ್ತೆ ಮಗ್ಗುಲಿನ ಮನೆಗೆ ನಾವು ಕ್ಯಾನು ಹಿಡಿದು ಹೋದೆವು. ಮುದುಕಿ ‘ಯಾವೂರು, ಯಾರ ಪೈಕಿ?’ ಅಂದಳು. ಹೇಳಿದೆವು. ‘ಗಾಡಿಗಾದ್ರ ಕ್ಯಾನ್ ತುಂಬಿ ಒಯ್ರಿ. ಕುಡಿಯಾಕಾದ್ರ ಅಲ್ಲೇ ಕುಂತು ಬೊಗಸಿ ಒಡ್ರಿ’ ಅಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ, ರೂಢಿ ಇತ್ತು. ಬಾಬಾಸಾಹೇಬರು ಮಹಾಡದ ಚವದಾರ್ ಕೆರ‍ೆಯ ನೀರು ಕುಡಿದದ್ದು ೧೯೨೭ರ ಮಾರ್ಚ್ ೨೦ರಂದು. ತೊಂಬತ್ತೇಳು ವರ್ಷ ಆದ ಮೇಲೂ ಆ ರಸ್ತೆಯಲ್ಲಿ ಕಾರಿಗೆ ಕ್ಯಾನು, ನಮಗೆ ಬೊಗಸೆ. ನಾವು ಕುಡಿಯಲಿಲ್ಲ. ಕ್ಯಾನು ತುಂಬಿಸಿಕೊಂಡು ಬಂದೆವು.

ಅರಿವೆ ಸುತ್ತಿ ಹತ್ತು ನಿಮಿಷಕ್ಕೆ ಮತ್ತೆ ಸೆಲ್ಫ್ ಹೊಡೆದರೆ ಬಾಟಲಿಗೆ ಪೆಟ್ರೋಲು ಧಾರೆಯಾಗಿ ಬಿತ್ತು. ಪೈಪು ಜೋಡಿಸಿ, ವೈರು ಹಾಕಿದ ಮೇಲೆ ಗಾಡಿ ಎದ್ದಿತು. ಅಪ್ಪ ಅಲ್ಲಿಗೆ ಬಿಡಲಿಲ್ಲ. ಮುಂದಿನ ಧಾಬಾದಲ್ಲಿ ನಿಲ್ಲಿಸಿದ, ಬಾನೆಟ್ಟು ಮುಚ್ಚೇ ಇಟ್ಟ, ಹದಿನೈದು ನಿಮಿಷ. ಆಮೇಲೆ ಸೆಲ್ಫ್ ಹೊಡೆದರೆ ಏಳಲಿಲ್ಲ. ಬಾನೆಟ್ಟು ಎತ್ತಿದಾಗ ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯಿತು. ಕಾರ್ಬೇಟರಿನ ಮೈ ತುಂಬ ಹಸಿ, ಬಟ್ಟಲಿನ ಗಾಳಿ ಕೊಳವೆಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಬಾಗಿ ನೋಡಿದ ಅಪ್ಪನ ತೋಳಿಗೆಲ್ಲ ಹತ್ತಿತು. ಹಿರೇಗೌಡರು ಕೋಲೂರಿಕೊಂಡು ಮುಂದೆ ಬಂದು ನಿಂತಿದ್ದರು. ಅಪ್ಪ ಅವರ ಕಡೆ ತಿರುಗಿ ತೋಳು ಚಾಚಿದ.

‘ಗೌಡ್ರ, ನನ್ನ ಅಂಗಿ ಮೂಸಿ ನೋಡ್ರಿ. ಇದೂ ಕಳುವಿನ ವಾಸನೀನಾ?’

ಯಾರೂ ಮಾತಾಡಲಿಲ್ಲ. ಧಾಬಾದ ರೇಡಿಯೋ ಒಂದೇ ಮಾತಾಡುತ್ತಿತ್ತು. ಮುದುಕರ ಕಣ್ಣು ಅಂಗಿಯ ಮೇಲಿತ್ತು. ಅವರಿಗೆ ನೆನಪಾಗಿತ್ತು, ನಮಗೆ ಗೊತ್ತಾಯಿತು. ತುಸು ಹೊತ್ತಿನ ಮೇಲೆ ಅಂದರು, ‘ಆಗಿದ್ದಾತು ಬಿಡಪ. ಆರಿದ್ದನ್ನ ಮತ್ಯಾಕ ಬಿಸಿ ಮಾಡ್ತಿ?’

ಅಪ್ಪ ಅಕ್ಸಲೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆದ. ಕಪ್ಪು ಹೊಗೆ ಉಗುಳಿ ಗಾಡಿ ಎದ್ದಿತು.

ಆ ವಾರವೇ ರಿಪೇರಿ ಮಾಡಿಕೊಟ್ಟ. ಕಾರ್ಬೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಇರಬೇಕಾದ ಬಿಸಿ ತಡೆಯೋ ತಗಡು ಇರಲೇ ಇಲ್ಲ. ಅದರ ಬೋಲ್ಟಿನ ತೂತಿನಲ್ಲಿ ಹಳೇ ತುಕ್ಕು ಗಟ್ಟಿಯಾಗಿ ಕೂತಿತ್ತು, ಹೋಗಿದ್ದು ನಿನ್ನೆ ಮೊನ್ನೆಯಲ್ಲ. ಹೊಸ ತಗಡು ಕತ್ತರಿಸಿ ಹಾಕಿದ. ಕಾರ್ಬೇಟರಿನ ಕೆಳಗೆ ದಪ್ಪನೆ ಬೇಕಲೈಟಿನ ಬಿಲ್ಲೆ ಕೊಟ್ಟ. ಪೆಟ್ರೋಲ್ ಪೈಪನ್ನು ಬಿಸಿಯಿಂದ ದೂರ ತಿರುಗಿಸಿದ. ಹೆಚ್ಚಾದ ಪೆಟ್ರೋಲು, ಆವಿ ಟಾಕಿಗೆ ಹಿಂತಿರುಗಲು ಒಂದು ಸಣ್ಣ ಪೈಪು ಎಳೆದ. ಸಂದು ಕಟ್ಟಿದ ರೇಡಿಯೇಟರ್ ತೊಳೆದ. ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ ಎಲ್ಲ ಎಥನಾಲ್ ತಡೆಯುವಂಥವನ್ನೇ ಹುಡುಕಿ ತಂದು ಹಾಕಿದ.

ಎಥನಾಲಿನ ಮಾತು ಯಾಕೆಂದರೆ, ಈಗಿನ ಪೆಟ್ರೋಲು ಆಗಿನದಲ್ಲ. ನೂರಕ್ಕೆ ೨೦ ಪಾಲು ಎಥನಾಲ್ ಬೆರೆತ ಪೆಟ್ರೋಲಿಗೆ ನಮ್ಮ ಬೆಂಗಳೂರಿನಲ್ಲೇ ೨೦೨೩ರ ಫೆಬ್ರವರಿ ೬ರಂದು ಚಾಲನೆ ಕೊಟ್ಟರು. ೨೦೨೫ರ ಹೊತ್ತಿಗೆ ದೇಶದ ಬೆರಕೆಯೇ ಆ ಲೆಕ್ಕ ಮುಟ್ಟಿತು. ಎಥನಾಲ್ ೭೮ ಡಿಗ್ರಿಗೆ ಕುದಿಯುತ್ತದೆ. ಪೆಟ್ರೋಲಿನ ಹಗುರ ಪಾಲಿನ ಜೊತೆ ಸೇರಿದರೆ ಎರಡೂ ಕೂಡಿ ಇನ್ನೂ ಬೇಗ ಆವಿಯಾಗುತ್ತವೆ. ಹಳೇ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ನೀರು ಹೀರಿಕೊಳ್ಳುತ್ತದೆ. ಕಬ್ಬಿನಿಂದ, ಕಾಕಂಬಿಯಿಂದ, ಮೆಕ್ಕೆಜೋಳದಿಂದ, ಅಕ್ಕಿಯಿಂದ ಅದನ್ನು ತೆಗೆಯುತ್ತಾರೆ. ನಮ್ಮ ದೊಡ್ಡಪ್ಪ ಹದಿನೈದು ಸುಗ್ಗಿ ಕಬ್ಬು ಕಡಿದ. ಪೆಟ್ರೋಲು ಕದ್ದವ ಅನ್ನಿಸಿಕೊಂಡವ ಕೊನೆಗೆ ಪೆಟ್ರೋಲಿಗೆ ಬೆರೆಸೋ ಬೆಳೆಯ ಬೇರು ಕಡಿಯುತ್ತಾ ಸತ್ತ.

ಗೌಡರ ಮಗ ಕೂಲಿ ಎಷ್ಟಾಯಿತು ಅಂತ ಕೇಳಿದ. ಸಾಮಾನಿನ ದುಡ್ಡು ಬೇರೆ ತಗೊಂಡ ಮೇಲೆ ಅಪ್ಪ ಅಂದ, ‘ಕೂಲಿ ಬ್ಯಾಡ್ರಿ. ನಮ್ಮಣ್ಣಂದು ೨೦೦೪ರಾಗ ಎರಡು ತಿಂಗಳ ಪಗಾರ ಮುರಿದೀರಿ, ತಿಂಗಳಿಗಿ ಸಾವಿರದಿನ್ನೂರು. ಅದನ್ನ ಕೊಡ್ರಿ.’ ಮಗನಿಗೆ ತಿಳಿಯಲಿಲ್ಲ, ಅಪ್ಪನ ಮುಖ ನೋಡಿದ, ತಮ್ಮ ಅಪ್ಪನ ಮುಖ ನೋಡಿದ. ಐದು ನೂರರ ಐದು ನೋಟು ಕೊಟ್ಟ. ಅಪ್ಪ ನೂರು ರೂಪಾಯಿ ವಾಪಸು ಕೊಟ್ಟ.

ಸರಿಯಾಗಿ ಹೇಳಬೇಕೆಂದರೆ, ದೊಡ್ಡಪ್ಪ ಹನ್ನೊಂದು ವರ್ಷದಲ್ಲಿ ಒಂದು ಹನಿಯೂ ಮುಟ್ಟಿರಲಿಲ್ಲ ಅಂತ ಈ ಬಾಟಲಿ ಹೇಳೋದಿಲ್ಲ. ಅದನ್ನು ನಾವು ಹೇಳುತ್ತೇವೆ, ಅವನನ್ನು ಬಲ್ಲವರಾಗಿ. ಬಾಟಲಿ ಹೇಳೋದು ಇಷ್ಟು: ಅವನನ್ನು ಕಳ್ಳ ಮಾಡಿದ ಮೂರು ಸಾಕ್ಷಿಗಳಲ್ಲಿ ಒಂದೂ ಸಾಕ್ಷಿಯಲ್ಲ. ಮೂರೂ ಆ ಗಾಡಿಯ ರೋಗದ ಗುರುತು, ಬಿಸಿಲಿನ ಗುರುತು. ಒಂದೇ ಒಂದು ಮಧ್ಯಾಹ್ನ ಬಾನೆಟ್ಟು ಎತ್ತಿ ನೋಡಿದ್ದರೆ ತಿಳಿಯುತ್ತಿತ್ತು. ನೋಡಲಿಲ್ಲ, ಯಾಕೆಂದರೆ ಗಾಡಿಯ ರೋಗ ಹುಡುಕೋದಕ್ಕಿಂತ ನಮ್ಮ ಕೇರಿಯಲ್ಲಿ ಕಳ್ಳನನ್ನು ಹುಡುಕೋದು ಸುಲಭ. ಇಂಥ ತೀರ್ಮಾನಗಳೆಲ್ಲ ಹೀಗೇ ಆಗುತ್ತವೆ. ಹೊಡೆದಾಗ ‘ಈಗ ಬೇಡ’ ಅಂತಾರೆ, ಗಾಯ ಆರಿದ ಮೇಲೆ ‘ಎಲ್ಲಿದೆ ಗಾಯ’ ಅಂತಾರೆ.

ದುಡ್ಡನ್ನು ದೊಡ್ಡವ್ವನ ಕೈಗೆ ಕೊಟ್ಟೆವು. ನಡೆದದ್ದನ್ನೆಲ್ಲ ಹೇಳಿದೆವು, ಬಾಟಲಿ, ನೊರೆ, ಅಂಗಿ, ಎಲ್ಲ. ಅವಳು ನೋಟುಗಳನ್ನು ಎಣಿಸಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬಹಳ ಹೊತ್ತಿನ ಮೇಲೆ ಕೇಳಿದಳು, ‘ದುಡ್ ಕೊಟ್ರು, ಆತು. ಕಟ್ಟಿ ಮುಂದ ಹೇಳಿದ್ರೇನು?’

ಹೇಳಿಲ್ಲ. ಇನ್ನೂ ಹೇಳಿಲ್ಲ. ಅದಕ್ಕೇ ನಾವು ಇಲ್ಲಿ ಬರೆದಿದ್ದೇವೆ. ಪತ್ರಿಕೆ ಅಚ್ಚಾಗಿ ಬಂದ ಮೇಲೆ ಒಂದು ಪ್ರತಿ ಒಯ್ದು ಮಧ್ಯಾಹ್ನದ ಹೊತ್ತಿಗೆ ಆ ಕಟ್ಟೆಯ ಮುಂದೆ ನಿಂತು ಓದುವವರಿದ್ದೇವೆ. ದೊಡ್ಡವ್ವನೂ ಬರುತ್ತೇನೆ ಅಂದಿದ್ದಾಳೆ.